ನಿವೃತ್ತಿಗೊಂದು ವಾಲ್ವ್ ಆಂಪ್: ಫ್ಲಾಟಿಗೆ ಎಷ್ಟು ವಾಟ್ ಸಾಕು?

ಪ್ರಶ್ನೆ: ಮುಂದಿನ ತಿಂಗಳು ನಿವೃತ್ತಿ. ಎಲೆಕ್ಟ್ರಿಕ್ ಗಿಟಾರ್‌ಗೆ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಇರೋ ಆಂಪ್ಲಿಫೈಯರ್ ಬೇಕು. ಜಯನಗರದಲ್ಲಿ ಮೂರನೇ ಮಹಡಿ, ಲಿಫ್ಟ್ ಇಲ್ಲ. ಫೆಂಡರ್ ಡಿಲಕ್ಸ್ ರಿವರ್ಬ್ (22 ವಾಟ್) ತಗೊಳ್ಳೋದಾ, ವಾಕ್ಸ್ ಎಸಿ15 (15 ವಾಟ್) ಸಾಕಾ?

ತಂತಿಮೀಟು: ಸರ್, ವಾಟ್ ನೋಡಿ ಆರಿಸಬೇಡಿ. 15ಕ್ಕೂ 22ಕ್ಕೂ ದನಿಯಲ್ಲಿ ಇರೋ ವ್ಯತ್ಯಾಸ ಎರಡು ಡೆಸಿಬಲ್‌ಗಿಂತ ಕಮ್ಮಿ. ಫ್ಲಾಟಿಗೆ ಎರಡೂ ಜಾಸ್ತಿನೇ. ತಿಳಿ ನಾದ ಬೇಕಿದ್ರೆ ಡಿಲಕ್ಸ್. ಎಸಿ15ಗೆ ಮಾಸ್ಟರ್ ವಾಲ್ಯೂಮ್ (ಒಟ್ಟು ದನಿ ಇಳಿಸೋ ಗುಂಡಿ) ಇದೆ, ಸಣ್ಣ ದನಿಯಲ್ಲೂ ಸ್ವಲ್ಪ ಒರಟು ನಾದ ಸಿಗುತ್ತೆ.

ಬೆಸುಗೆಕಡ್ಡಿ: ಅಮೆರಿಕದಿಂದ ತರಿಸೋದಾದ್ರೆ ಆಂಪ್‌ನ ಹಿಂದಿನ ಪ್ಲೇಟ್ ಓದಿ. 120 ವೋಲ್ಟಿನದನ್ನ ನಮ್ಮ 230ಕ್ಕೆ ಚುಚ್ಚಿದ್ರೆ ಫ್ಯೂಸ್ ಹೋಗುತ್ತೆ, ಗ್ರಹಚಾರ ಕೆಟ್ಟಿದ್ರೆ ಟ್ರಾನ್ಸ್‌ಫಾರ್ಮರ್ರೂ. ಸ್ಪೀಕರ್ ವೈರ್ ಕಳಚಿಟ್ಟು ಆನ್ ಮಾಡಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಡಿಲಕ್ಸ್‌ನ 6ವಿ6 ವಾಲ್ವ್ ಜೋಡಿ ಬದಲಿಸಿದಾಗ ಬಯಾಸ್ (ವಾಲ್ವ್‌ನಲ್ಲಿ ಸುಮ್ಮನಿದ್ದಾಗ ಹರಿಯೋ ಕರೆಂಟಿನ ಮಟ್ಟ) ಹೊಂದಿಸಬೇಕು. ಅದನ್ನ ಮೆಕ್ಯಾನಿಕ್‌ಗೆ ಬಿಡಿ: ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಕೂತಿರಬಹುದು.

ತಂತಿಮೀಟು: ಮೆಟ್ಟಿಲು ಮರೆತೆ! ಡಿಲಕ್ಸ್ 19 ಕೆಜಿ, ಎಸಿ15 ಇನ್ನೂ ಭಾರ. ಅದೇ ಫೆಂಡರ್‌ನ ಡಿಜಿಟಲ್ ಆವೃತ್ತಿ ಟೋನ್ ಮಾಸ್ಟರ್ ಡಿಲಕ್ಸ್ ಸುಮಾರು 10 ಕೆಜಿ. ವಾಲ್ವ್ ಇಲ್ಲ ನಿಜ, ಆದ್ರೆ ಹಿಂದಿನ ಸ್ವಿಚ್ಚಲ್ಲಿ 0.2 ವಾಟ್‌ವರೆಗೂ ಇಳಿಸಬಹುದು. ಬೆನ್ನಿಗೂ ಪಕ್ಕದ ಮನೆಯವರಿಗೂ ಅದೇ ವಾಸಿ.