ಸಹಾಯ ಬೇಕು: ವಕೀಲರ ಕಚೇರಿಗೆ ಹೊಸ ವಿನ್ಯಾಸ

ನಮಸ್ಕಾರ. ಮಂಗಳೂರಿನ ಕರಂಗಲ್ಪಾಡಿಯಲ್ಲಿರುವ ನಮ್ಮ ವಕೀಲರ ಕಚೇರಿಯನ್ನು ನವೀಕರಿಸುತ್ತಿದ್ದೇವೆ. ಒಟ್ಟಿಗೆ ಕುಳಿತು ಕರಡು ತಿದ್ದಲು ಗೋಡೆಗಳಿಲ್ಲದ ಜಾಗ, ಉದ್ದನೆಯ ಮೇಜು ಬೇಕೆಂಬುದು ಕಿರಿಯರ ಹಟ. ಒಪ್ಪಿದೆ. ಆದರೆ ವಿಚ್ಛೇದನಕ್ಕೆಂದು ಬಂದವರ ಅಳು ಪಕ್ಕದ ಮೇಜಿಗೆ ಕೇಳಿಸಬಾರದಲ್ಲ! ಕಕ್ಷಿದಾರರ ಗುಟ್ಟು ಕಾಯುವುದು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೇ ಸೆಕ್ಷನ್ ಪ್ರಕಾರ ನಮ್ಮ ಹೊಣೆ. ಗಾಜಿನ ಕೋಣೆ ಮಾಡಿಸಿದರೂ ಗೋಡೆ ಫಾಲ್ಸ್ ಸೀಲಿಂಗ್‌ವರೆಗೆ ಮಾತ್ರ ಇದ್ದರೆ ಮಾತು ಮೇಲಿನಿಂದ ದಾಟುತ್ತದೆ. ಇದಕ್ಕೆ ಕಡಿಮೆ ಖರ್ಚಿನ ಉಪಾಯವೇನು?

ಇನ್ನೊಂದು ತಲೆನೋವು, ಆಟಿ ತಿಂಗಳ ಮಳೆಗೆ ಕಡತ ಕಟ್ಟಿದ ದಾರಕ್ಕೂ ಬೂಷ್ಟು ಹಿಡಿಯುತ್ತದೆ. ಕಪಾಟುಗಳನ್ನು ಹೊರಗೋಡೆಗೆ ತಾಗಿಸದೆ ಎಲ್ಲಿಡಬಹುದು?

ಮಂಗಳೂರು, ಉಡುಪಿ ಕಡೆ ಇಂಥ ಕೆಲಸ ಮಾಡಿದ ವಿನ್ಯಾಸಕಾರರಿದ್ದರೆ ದಯವಿಟ್ಟು ತಿಳಿಸಿ. ಮುಗಿದ ಕೆಲಸದ ಫೋಟೋ ಕಳುಹಿಸಿ. ಕಂಪ್ಯೂಟರ್‌ನಲ್ಲಿ ಬಿಡಿಸಿದ ಚಂದದ ಚಿತ್ರಗಳನ್ನು ಸಾಕಷ್ಟು ನೋಡಿಯಾಗಿದೆ.