ಬೀದರ್ ವಿಶ್ವವಿದ್ಯಾಲಯ ಉಳೀತು, ಕೊಪ್ಪಳದ್ದು ಹೋಗ್ತದಂತ. ನಾವು ಸುಮ್ಮನ ಇರಬೇಕೇನ್ರಿ?

ಭಾಲ್ಕಿ ಹೊಲಿಗಿ ಅಕ್ಕ:

ಎಲ್ಲರಿಗೂ ನಮಸ್ಕಾರ್ರಿ. ನಾನು ಭಾಲ್ಕಿಯಾಕಿ. ಮನ್ಯಾಗ ಮಷಿನ್ ಇಟ್ಕೊಂಡು ಜಂಪರ್ ಹೊಲೀತೀನಿ. ನನ್ನ ಮಗಳು ಇಲ್ಲೇ ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರ್, ಬೀದರ್ ವಿಶ್ವವಿದ್ಯಾಲಯದ ಕೆಳಗ ಬರ್ತಾಳ. ನನ್ನ ತಂಗಿನ್ನ ಕುಷ್ಟಗಿಗೆ ಕೊಟ್ಟೀವಿ, ಆಕಿ ಮಗಳು ಕೊಪ್ಪಳ ವಿಶ್ವವಿದ್ಯಾಲಯದ ಕೆಳಗ ಬಿ.ಎ. ಓದ್ತಾಳ.

2025ರ ಫೆಬ್ರವರಿ ತಿಂಗಳಾಗ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಸಂಪುಟ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳನ್ನ ಮುಚ್ಚಿ ಹಳೇವಕ್ಕ ಸೇರಿಸ್ಬೇಕು ಅಂದದ. ಬೀದರ್ ಒಂದನ್ನ ಬಿಟ್ಟಾರ, ಕಾಲೇಜು ಜಾಸ್ತಿ ಅವ ಅಂತ. ಕೊಪ್ಪಳದ್ದು ಮತ್ತ ಬಳ್ಳಾರಿ ವಿಶ್ವವಿದ್ಯಾಲಯಕ್ಕ ಹೋಗ್ತದಂತ. ಸುದ್ದಿ ಬಂದ ದಿನ ನಮ್ಮ ಓಣ್ಯಾಗ ಎಲ್ಲರೂ ಖುಷಿಯಾದ್ರು. ರಾತ್ರಿ ತಂಗಿ ಫೋನ್ ಮಾಡಿ, "ಅಕ್ಕಾ, ಇನ್ನ ಎಲ್ಲಾದಕ್ಕೂ ಬಳ್ಳಾರಿಗೆ ಹೋಗಬೇಕೇನು? ಹುಡುಗಿನ್ನ ಒಬ್ಬಾಕಿನೇ ಹ್ಯಾಂಗ ಕಳಸ್ಲಿ?" ಅಂದ್ಲು. ನನಗ ಉತ್ತರ ಬರ್ಲಿಲ್ಲ.

ನಾನು 1997ರಾಗ ಬಿ.ಎ. ಮುಗಿಸ್ದಾಕಿ. ಡಿಗ್ರಿ ಸರ್ಟಿಫಿಕೇಟ್ ತರಾಕ ಅಪ್ಪನ ಜೋಡಿ ಕಲಬುರಗಿಗೆ ಹೋಗಿದ್ದೆ. ಕತ್ತಲಿದ್ದಾಗ ಎದ್ದು, ಹುಮನಾಬಾದಿನಾಗ ಬಸ್ ಬದಲಿಸಿ, ಕಲಬುರಗಿಯಾಗ ಇಳದು ಸಿಟಿ ಬಸ್ಸಿನಾಗ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಮುಟ್ಟೋದ್ರಾಗ ಮಧ್ಯಾಹ್ನ. ಅಪ್ಪ ಅಡತಿಯಾಗ ಹಮಾಲಿ ಮಾಡ್ತಿದ್ದ. ತೊಗರಿ ಸುಗ್ಗಿ ಇತ್ತು, ಅವತ್ತಿನ ಕೂಲಿ ಹೋಯ್ತು. ದಾರ್ಯಾಗ ಅವ್ವ ಕಟ್ಟಿದ ಎರಡು ಜ್ವಾಳದ ರೊಟ್ಟಿ, ಪುಂಡಿಪಲ್ಯಾ ಇಬ್ರೂ ಹಂಚ್ಕೊಂಡು ತಿಂದಿವಿ. ನನ್ನ ಜೋಡಿ ಪಾಸಾದ ಇಬ್ರು ಗೆಳತ್ಯಾರು ಸರ್ಟಿಫಿಕೇಟೇ ತರ್ಲಿಲ್ಲ. ಕರಕೊಂಡು ಹೋಗಾವ್ರು ಯಾರೂ ಇರ್ಲಿಲ್ಲ. ಈಗ ನನ್ನ ಮಗಳಿಗೆ ಕೆಲಸ ಬಿದ್ರ ಬೀದರ್ ವಿಶ್ವವಿದ್ಯಾಲಯ ಇರೋ ಹಾಲಹಳ್ಳಿ ನಮ್ಮ ತಾಲೂಕಿನಾಗೇ ಅದ.

ಹಿಂಗಾಗಿ ಕೇಳ್ತೀನ್ರಿ. ಈ ವಿಲೀನ ಖರೇನ ಆಗ್ತದೇನು? ನಡುವ ಇರೋ ಹುಡುಗರ ಡಿಗ್ರಿ ಮ್ಯಾಲ ಯಾವ ಹೆಸರು ಬರ್ತದ? ಸಂವಿಧಾನದ 371(ಜೆ) ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕದವ್ರಿಗೆ ಇರೋ ಮೀಸಲಾತಿಗೆ ಧಕ್ಕಿ ಆಗ್ತದೇನು? ನಮ್ಮದು ಉಳೀತು ಅಂತ ನಾವು ಬೀದರದವ್ರು ಬಾಯಿ ಮುಚ್ಕೊಂಡು ಕೂಡೋದು ನನಗ ಸರಿ ಅನ್ಸವಲ್ದು.

ಆಳಂದ ಹುಡುಗ:

ಅಕ್ಕಾರ, ನಿಮ್ಮ ಮಾತು ಓದಿ ಸಂಕಟ ಆಯ್ತು. ಆದ್ರೂ ನಾನು ವಿಲೀನದ ಪರವಾಗೇ ಅದೀನ್ರಿ. ನಾನು ಕಲಬುರಗಿಯಾಗ ಎಂ.ಎಸ್ಸಿ. ಕೆಮಿಸ್ಟ್ರಿ ಮಾಡ್ತಿದೀನಿ. ನಮ್ಮ ವಿಷಯಕ್ಕ ಲ್ಯಾಬ್ ಬೇಕು, ರಾಸಾಯನಿಕ ಬೇಕು, ಪಿ.ಎಚ್‌ಡಿ.ಗೆ ಗೈಡ್ ಬೇಕು. ಹೊಸದೊಂದು ಬೋರ್ಡ್ ಹಾಕಿ, ಹಳೇ ಪಿ.ಜಿ. ಸೆಂಟರಿನ ನಾಲ್ಕು ಕೋಣೆಯಾಗ ಅತಿಥಿ ಉಪನ್ಯಾಸಕರನ್ನ ಇಟ್ಟು ನಡಸಿದ್ರ ಹುಡುಗರಿಗೆ ಏನು ಸಿಗ್ತದ? ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 12(ಬಿ) ಮಾನ್ಯತೆ ಇಲ್ಲದ ವಿಶ್ವವಿದ್ಯಾಲಯಕ್ಕ ಯುಜಿಸಿ ಅನುದಾನ ಬರಲ್ಲ. ಗುಣಮಟ್ಟ ನೋಡಿ ಮಾನ್ಯತೆ ಕೊಡೋ ನ್ಯಾಕ್‌ಗೆ ಹೋಗಬೇಕಂದ್ರೂ ಆರು ವರ್ಷ ಆಗಿರಬೇಕು, ಇಲ್ಲಾ ಎರಡು ಬ್ಯಾಚ್ ಪಾಸಾಗಿರಬೇಕು. ಅಲ್ಲೀತನ ಓದೋವ್ರು ಆ ವರ್ಷಗಳನ್ನ ಕಳಕೋತಾರ. ದೊಡ್ಡ ಲೈಬ್ರರಿ ಇರೋ ಕಡೆ ಕುಂತು ಓದೋದು ಏನಂತ ನನಗ ಇಲ್ಲಿ ಬಂದ ಮ್ಯಾಲೇ ತಿಳೀತು. ಅದು ಕುಷ್ಟಗಿ ಹುಡುಗಿಗೂ ಸಿಗಬೇಕು ಅಂತ ನನ್ನ ಆಸೆ.

ನಿವೃತ್ತ ಪರೀಕ್ಷಾ ವಿಭಾಗ, ಕಲಬುರಗಿ:

ತಂಗೀ, ಮೊದಲು ನಿಮ್ಮ ಪ್ರಶ್ನೆಗಳು. ನಾನು ಒಂದು ಸರ್ಕಾರಿ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಯಾವುದು ಅಂತ ಹೇಳೋದಿಲ್ಲ.

ಉಪಸಮಿತಿ ಹೇಳಿದ ತಕ್ಷಣ ವಿಶ್ವವಿದ್ಯಾಲಯ ಮುಚ್ಚೋದಿಲ್ಲ. ಇವು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ಕ್ಕೆ ತಿದ್ದುಪಡಿ ತಂದು ಹುಟ್ಟಿಸಿದವು. ತೆಗೀಬೇಕಾದರೂ ಮತ್ತೊಂದು ತಿದ್ದುಪಡಿ ವಿಧಾನಸಭೆ, ಪರಿಷತ್ತು ಎರಡರಲ್ಲೂ ಪಾಸಾಗಿ, ರಾಜ್ಯಪಾಲರ ಅಂಕಿತ ಬೀಳಬೇಕು. ನಡುವೆ ಇರುವ ವಿದ್ಯಾರ್ಥಿಗಳ ಗತಿ ಆ ತಿದ್ದುಪಡಿಯಲ್ಲೇ ಒಂದು ಕಲಮಾಗಿ ಬರ್ತದೆ. ಮಸೂದೆ ಬಂದ ದಿನ ಎಲ್ಲರೂ ಮೊದಲು ಓದಬೇಕಾದ್ದು ಅದೇ ಕಲಮು. 371(ಜೆ) ಬಗ್ಗೆ ಹೆದರಬೇಡಿ. ಬಳ್ಳಾರಿಯೂ ಕಲ್ಯಾಣ ಕರ್ನಾಟಕದ ಒಳಗೇ ಇದೆ. ಸ್ಥಳೀಯರಿಗೆ ಶೇ. 70ರ ಸೀಟು ಅಲ್ಲಿಯೂ ಉಂಟು.

ಇನ್ನು ನಾನು ಹೇಳಬೇಕಾದ್ದು. ಕೊಪ್ಪಳದ ಕಡೆಯ ಲೆಕ್ಕ ನೋಡಿ. 1956ರ ತನಕ ಅದು ಹೈದರಾಬಾದ್ ರಾಜ್ಯ, ಇದ್ದ ವಿಶ್ವವಿದ್ಯಾಲಯ ಉಸ್ಮಾನಿಯಾ ಒಂದೇ. ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. 1980ರಲ್ಲಿ ಗುಲಬರ್ಗಾ. 2010ರಲ್ಲಿ ಬಳ್ಳಾರಿಯ ಶ್ರೀಕೃಷ್ಣದೇವರಾಯ. 2023ರಲ್ಲಿ ಕೊಪ್ಪಳ. ಈಗ ಪುನಃ ಬಳ್ಳಾರಿ ಅಂತಾರೆ. ಒಂದೇ ಮನೆಯಲ್ಲಿ ಅಜ್ಜ, ಮಗ, ಮೊಮ್ಮಗಳು ಮೂರು ಬೇರೆ ಬೇರೆ ವಿಶ್ವವಿದ್ಯಾಲಯದ ಪದವೀಧರರು.

ಹೆಸರು ಬದಲಾದಾಗ ದಾಖಲೆಗಳೂ ಜಾಗ ಬದಲಾಯಿಸ್ತವೆ. ನಾನು ಕೆಲಸದಲ್ಲಿದ್ದಾಗ ಒಂದು ಜಿಲ್ಲೆ ನಮ್ಮಿಂದ ಬೇರೆಯಾಗಿ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋಯ್ತು. ಮಾರ್ಕ್ಸ್ ಲೆಡ್ಜರುಗಳು, ಕೆಂಪು ಬಟ್ಟೆಯ ರಟ್ಟಿನವು, ಒಬ್ಬನೇ ಎತ್ತಲಾಗದಷ್ಟು ಭಾರ. ಯಾವ ಸಾಲಿನವು ನಮ್ಮಲ್ಲಿ ಉಳೀಬೇಕು, ಯಾವುವು ಹೋಗಬೇಕು ಅನ್ನೋದರ ಮೇಲೆ ಪತ್ರ ಬರೆದು ಬರೆದು ಸಾಕಾಯ್ತು. ಅದಾದ ಕೆಲವು ವರ್ಷಕ್ಕೆ ಒಬ್ಬರು ಬಂದರು. ನಲವತ್ತು ದಾಟಿದ ವಯಸ್ಸು, ಶಾಲಾ ಮೇಷ್ಟ್ರು. ಅಂಕಪಟ್ಟಿ ನೆರೆಯಲ್ಲಿ ಹೋಗಿತ್ತು, ಬಡ್ತಿಗೆ ನಕಲು ಬೇಕಿತ್ತು. ನಾವು ಅಲ್ಲಿಗೆ ಕಳಿಸಿದೆವು, ಅಲ್ಲಿಯವರು ನಮ್ಮ ಹತ್ತಿರ ಕಳಿಸಿದರು. ನಾಲ್ಕನೇ ಸಲ ಬಂದಾಗ ಅವರು ಕೌಂಟರಿನ ಮುಂದೆ ಏನೂ ಮಾತಾಡದೆ ನಿಂತುಬಿಟ್ಟರು. ನಾನೇ ಎದ್ದು ಗೋದಾಮಿಗೆ ಹೋಗಿ ಎರಡು ದಿನ ಹುಡುಕಿದೆ. ಲೆಡ್ಜರ್ ನಮ್ಮಲ್ಲೇ ಇತ್ತು, ಬೇರೆ ಸಾಲಿನ ಕಟ್ಟಿನೊಳಗೆ. ಅವರ ಮುಖ ಇವತ್ತಿಗೂ ಮರೆತಿಲ್ಲ. ತಪ್ಪು ನಮ್ಮದು.

ಆಳಂದದ ತಮ್ಮಾ, ನೀನು ಹೇಳಿದ ಲ್ಯಾಬು, ಗೈಡು, 12(ಬಿ) ಎಲ್ಲಾ ಸತ್ಯ. ಆದರೆ 2022ರ ಬಜೆಟ್ಟಿನಲ್ಲಿ ಏಳು ವಿಶ್ವವಿದ್ಯಾಲಯ ಘೋಷಿಸಿದಾಗ ಕಾಯಂ ಹುದ್ದೆ ಎಷ್ಟು ಕೊಟ್ಟರು ಅಂತ ಕೇಳು. ಕೂಸು ಹುಟ್ಟಿಸಿ ಹಾಲು ಕೊಡದೆ, ಬೆಳೀಲಿಲ್ಲ ಅನ್ನೋದು ನ್ಯಾಯವಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆ ಆಗ್ತದೆ. ಅದರಿಂದ ತಳಕಲ್ಲಿನಲ್ಲಿರುವ ಕೊಪ್ಪಳ ವಿಶ್ವವಿದ್ಯಾಲಯಕ್ಕೊಂದು ಪಾಲು ಎತ್ತಿಡೋದು ಅಷ್ಟು ಕಷ್ಟವೇ?

ಹಳೇ ವಿಶ್ವವಿದ್ಯಾಲಯಗಳ ಸಂಕಟವೂ ನನಗೆ ಗೊತ್ತು. ಅವುಗಳ ಸ್ವಂತ ಆದಾಯ ಅಂದರೆ ಹೆಚ್ಚಿನದು ಕಾಲೇಜುಗಳ ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ. ಒಂದು ಜಿಲ್ಲೆ ಕಳಚಿಕೊಂಡರೆ ಆ ದುಡ್ಡು ಹೋಗ್ತದೆ, ನಿವೃತ್ತರ ಪಿಂಚಣಿ ಭಾರ ಮಾತ್ರ ಅಲ್ಲೇ ಉಳೀತದೆ. ಅದಕ್ಕೇ ವಿಲೀನ ಬೇಕು ಅನ್ನುವವರು ಒಳಗೂ ಇದ್ದಾರೆ. ನಾನೂ ಪಿಂಚಣಿ ಮೇಲೆ ಬದುಕುವವನೇ. ಆದರೆ ಪಿಂಚಣಿ ಸರ್ಕಾರದ ಜವಾಬ್ದಾರಿ. ಕುಷ್ಟಗಿಯ ಹುಡುಗಿಯ ಪರೀಕ್ಷಾ ಫೀಸಿನಿಂದ ಅದನ್ನ ತುಂಬಿಸಬಾರದು.

ಹಾಗೂ ವಿಲೀನ ಮಾಡಿಯೇ ತೀರ್ತೇವೆ ಅಂದರೆ ಒಂದು ಷರತ್ತನ್ನಾದರೂ ಹಿಡಿದು ಕೂಡಬೇಕು. ಜಿಲ್ಲೆಯಲ್ಲಿ ಪರೀಕ್ಷಾ ವಿಭಾಗದ ಶಾಖೆ ಉಳೀಬೇಕು, ಅಲ್ಲಿ ಸಹಿ ಹಾಕುವ ಅಧಿಕಾರ ಇರುವ ಒಬ್ಬ ಉಪ ಕುಲಸಚಿವರು ಕೂಡಬೇಕು. ಅರ್ಜಿ ಇಸಕೊಂಡು "ಬಳ್ಳಾರಿಗೆ ಕಳಿಸ್ತೀವಿ" ಅನ್ನುವ ಕೌಂಟರು ಬೇಡ.

ಯಾದಗಿರಿ ಅತಿಥಿ ಉಪನ್ಯಾಸಕಿ:

ಸರ್ ಹೇಳಿದ್ದಕ್ಕೆ ನಮ್ಮ ಜಿಲ್ಲೆಯದೊಂದು ಮಾತು ಸೇರಿಸ್ತೀನಿ. ನಮ್ಮ ಕಾಲೇಜುಗಳು ಗುಲಬರ್ಗಾ ಬಿಟ್ಟು ರಾಯಚೂರು ವಿಶ್ವವಿದ್ಯಾಲಯಕ್ಕೆ ಸೇರಿದವು. ಯಾದಗಿರಿ ಊರಿನವರಿಗೆ ದೊಡ್ಡ ವ್ಯತ್ಯಾಸವಿಲ್ಲ, ಕಲಬುರಗಿಗೂ ರಾಯಚೂರಿಗೂ ರೈಲು ಇದೆ. ಆದರೆ ಸುರಪುರ, ಹುಣಸಗಿ ಕಡೆಯ ಮಕ್ಕಳಿಗೆ ಎರಡೂ ದೂರವೇ. ನಕ್ಷೆಯಲ್ಲಿ ಜಿಲ್ಲಾ ಕೇಂದ್ರದಿಂದ ಅಳೆದರೆ ಹಳ್ಳಿಯ ದೂರ ಕಾಣೋದಿಲ್ಲ.

ನನ್ನ ವಿದ್ಯಾರ್ಥಿಗಳ ಕಷ್ಟ ಇನ್ನೊಂದಿದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಅದನ್ನ ಬಿಟ್ಟು ಮತ್ತೆ ಮೂರು ವರ್ಷದ ಪದವಿ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರುವವರು ಯಾವ ಸಿಲಬಸ್ಸಿನ ಪ್ರಶ್ನೆಪತ್ರಿಕೆ ಬರ್ತದೆ ಅಂತ ನನ್ನನ್ನ ಕೇಳ್ತಾರೆ. ಇದರ ಮೇಲೆ ವಿಶ್ವವಿದ್ಯಾಲಯವೂ ಬದಲಾದರೆ ಕೊಪ್ಪಳದ ಮಕ್ಕಳು ಯಾರನ್ನ ಕೇಳಬೇಕು? ಅಕ್ಕಾ, ನಿಮ್ಮ ತಂಗಿ ಮಗಳಿಗೆ ಬ್ಯಾಕ್‌ಲಾಗ್ ಇದ್ದರೆ ಈಗಲೇ ಫೀಸ್ ಕಟ್ಟಿ ಮುಗಿಸ್ಕೊಳ್ಳಲು ಹೇಳಿ. ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ನಲ್ಲಿ ಹೆಸರು, ತಂದೆ ಹೆಸರು, ಹುಟ್ಟಿದ ದಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆಯೇ ಇದೆಯಾ ನೋಡಲಿ. ಒಂದು ಅಕ್ಷರ ತಪ್ಪಿದ್ದರೂ ಕಾಲೇಜಿನ ಮೂಲಕ ಈಗಲೇ ತಿದ್ದಿಸಲಿ. ಪ್ರತಿ ಸೆಮಿಸ್ಟರಿನ ಫಲಿತಾಂಶ ಪ್ರಿಂಟ್ ತೆಗೆದು ಪ್ರಿನ್ಸಿಪಾಲರ ಸಹಿ, ಸೀಲು ಹಾಕಿಸಿ ಇಟ್ಕೊಳ್ಳಲಿ.

ಆಳಂದ ಹುಡುಗ:

ಸರ್, ಲೆಡ್ಜರಿನ ಮಾತು ನನಗ ಗೊತ್ತಿರ್ಲಿಲ್ಲ. ಪಿ.ಜಿ. ವಿಭಾಗಗಳು ದೊಡ್ಡ ಕಡೆ ಇರಲಿ ಅನ್ನೋದು ಈಗೂ ನನ್ನ ಅಭಿಪ್ರಾಯ. ಆದ್ರ ಪದವಿ ಪರೀಕ್ಷೆ, ಸರ್ಟಿಫಿಕೇಟಿನ ಕೆಲಸ ಜಿಲ್ಲಾದಾಗೇ ಇರಬೇಕು ಅನ್ನೋದಕ್ಕ ನಾನೂ ಸಹಿ ಹಾಕ್ತೀನಿ.

ಭಾಲ್ಕಿ ಹೊಲಿಗಿ ಅಕ್ಕ:

ಎಲ್ಲರಿಗೂ ಭಾಳ ಉಪಕಾರ ಆಯ್ತ್ರಿ. ಅಣ್ಣಾರ, ನೀವು ಗೋದಾಮಿನಾಗ ಎರಡು ದಿನ ಹುಡುಕಿದ್ದು ಓದಿ ಕಣ್ಣಾಗ ನೀರು ಬಂತು. ಅಂಥವ್ರು ಕೌಂಟರಿನಾಗ ಇದ್ರ ನನ್ನ ಗೆಳತ್ಯಾರೂ ಧೈರ್ಯ ಮಾಡಿ ಹೋಗ್ತಿದ್ರೇನೋ.

ನಿನ್ನೆ ರಾತ್ರಿನೇ ತಂಗಿಗೆ ಫೋನ್ ಹಚ್ಚಿದೆ. ಹುಡುಗಿ ಮೊಬೈಲಿನಾಗ ತಗದು ನೋಡಿದ್ಲು. ತಂದಿ ಹೆಸರಿನಾಗ ಒಂದು ಅಕ್ಷರ ಬ್ಯಾರೆ ಅದಂತ. ಸೋಮವಾರ ಕಾಲೇಜಿಗೆ ಹೋಗಿ ಅರ್ಜಿ ಕೊಡ್ತಾಳ. ಸಹಿ ಹಾಕೋ ಅಧಿಕಾರ ಇರೋವ್ರು ಜಿಲ್ಲಾದಾಗೇ ಕೂಡಬೇಕು ಅನ್ನೋ ನಿಮ್ಮ ಮಾತನ್ನ ನನ್ನ ಮಗಳು ಚಂದ ಅಕ್ಷರದಾಗ ಬರದಾಳ. ನಮ್ಮ ಶಾಸಕರಿಗೆ ಒಂದು, ಉನ್ನತ ಶಿಕ್ಷಣ ಸಚಿವರಿಗೆ ಒಂದು. ನಮ್ಮ ಓಣ್ಯಾಗ ಇಲ್ಲೀತನ 23 ಹೆಣ್ಮಕ್ಕಳು ಸಹಿ ಹಾಕ್ಯಾರ, ಎಲ್ಲಾರೂ ಬೀದರ್ ಜಿಲ್ಲಾದವ್ರೇ. ಕೊಪ್ಪಳದ ಸಲುವಾಗಿ ನಾವ್ಯಾಕ ಬರೀಬೇಕು ಅಂತ ಒಬ್ಬಾಕಿ ಕೇಳಿದ್ಲು. ನನ್ನ ಸರ್ಟಿಫಿಕೇಟ್ ತಗದು ತೋರಿಸಿ ಅಪ್ಪನ ಕಥಿ ಹೇಳ್ದೆ. ಆಕಿನೂ ಹಾಕಿದ್ಲು.