ಕೂರೋಕೊಂದು ಜಾಗ ಇದ್ಯಾ?

"ಬಿಲ್ಡಿಂಗೇ ಒಂದು ಶಿಲ್ಪ ಕಣೋ" ಅಂತ ವಿಶು ಶುರು ಹಚ್ಕೊಂಡ. ಕಂಟೆಂಪರರಿ ಆರ್ಟ್ ಸೆಂಟರ್ ಅಂದ್ರೆ ಇವನ ಪ್ರಕಾರ ಗೋಡೆ ನೆಟ್ಟಗಿರಬಾರದು, ಬಾಗಿಲಿಗೆ ಹಿಡಿ ಇರಬಾರದು, ಟಾಯ್ಲೆಟ್ ಬೋರ್ಡು ಯಾರಿಗೂ ಅರ್ಥ ಆಗಬಾರದು.

"ಅದೆಲ್ಲಾ ಇರ್ಲಿ, ಕೂರೋಕೆ ಜಾಗ ಇರತ್ತಾ?" ಅಂದ ಸೀನ.

"ಸ್ಪೇನಿನ ಬಿಲ್ಬಾವೋದ ಗುಗನ್‌ಹೈಮ್ ಮ್ಯೂಸಿಯಂ ಗೊತ್ತಾ ನಿಂಗೆ? ಆರ್ಕಿಟೆಕ್ಟ್ ಫ್ರಾಂಕ್ ಗೆಹ್ರಿ ಡಿಸೈನು, 1997, ಮೈತುಂಬಾ ಟೈಟಾನಿಯಂ ತಗಡು, ಮಂಕು ಬಡಿದಿದ್ದ ಊರೇ ಎದ್ದು ನಿಂತಿತು."

"ಊರು ಎದ್ದು ನಿಲ್ಲಲಿ ಮಾರಾಯಾ, ಅದಕ್ಕೆ ನಾನೂ ನಿಂತೇ ಇರಬೇಕಾ?"

ಶಾರದಕ್ಕ ಬಾಯಿ ಹಾಕಿದ್ರು. "ನ್ಯೂಯಾರ್ಕಿನ ಗುಗನ್‌ಹೈಮ್ ಅಂತೂ ಒಳಗೆಲ್ಲಾ ಸುರುಳಿ ಇಳಿಜಾರು. ಲಿಫ್ಟಲ್ಲಿ ಮೇಲಕ್ಕೆ ಹೋಗಿ ಚಿತ್ರ ನೋಡ್ತಾ ನೋಡ್ತಾ ಇಳೀರಿ ಅಂತ ಅದರ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ ಲೆಕ್ಕ, ನನ್ನ ಮಂಡಿ ಲೆಕ್ಕಕ್ಕೇ ಇಲ್ಲ. ಅದನ್ನ ಕಟ್ಟುವಾಗಲೇ, 1956ರಲ್ಲಿ, 21 ಜನ ಕಲಾವಿದರು ಕಾಗದ ಬರೆದಿದ್ರಂತೆ, ಈ ವಾಲಿರೋ ಗೋಡೆ ಮೇಲೆ ನಮ್ಮ ಚಿತ್ರ ಹೆಂಗೆ ತೂಗುಹಾಕ್ತೀರಿ ಅಂತ."

"ನೋಡಿ, ಚಿತ್ರಕ್ಕೇ ನೆಟ್ಟಗೆ ಜಾಗ ಇಲ್ಲ, ನಂಗೆಲ್ಲಿಂದ ಕೊಡ್ತಾರೆ!"

ವಿಶು ಬಿಡ್ತಾನಾ, ಪ್ಯಾರಿಸ್ಸಿಗೆ ಹಾರಿದ. 1977ರ ಪಾಂಪಿಡೂ ಆರ್ಟ್ ಸೆಂಟರ್, ಆರ್ಕಿಟೆಕ್ಟ್‌ಗಳಾದ ರೆಂಜೋ ಪಿಯಾನೋ ಮತ್ತೆ ರಿಚರ್ಡ್ ರೋಜರ್ಸ್ ಪೈಪೆಲ್ಲಾ ಹೊರಗಿಟ್ಟಿದ್ದು, ಗಾಳಿಗೆ ನೀಲಿ, ನೀರಿಗೆ ಹಸಿರು, ಕರೆಂಟಿಗೆ ಹಳದಿ, ಎಲ್ಲಾ ಯಾಕೆ ಅಂದ್ರೆ ಒಳಗೆ ಜಾಗ ಬಿಡಿಸೋಕೆ.

"ಬಿಡಿಸಿದ ಜಾಗದಲ್ಲಿ ಒಂದು ಬೆಂಚು? ಹೋಗ್ಲಿ, ಮುಂದೆ ಅಷ್ಟಗಲ ಬಯಲು ಬಿಟ್ಟಿದ್ದಾರೆ, ಜನ ನೆಲದ ಮೇಲಾದ್ರೂ ಕೂರ್ತಾರೆ, ಅದನ್ನ ಒಪ್ಕೋತೀನಿ. ಆದ್ರೆ ಜೋಸೆಫ್ ಕೊಸುತ್ ಅನ್ನೋ ಕಲಾವಿದ 1965ರಲ್ಲಿ ಮಾಡಿದ್ದು ನೋಡಿದ್ಯಾ? ಒಂದು ಕುರ್ಚಿ, ಪಕ್ಕದಲ್ಲಿ ಅದೇ ಕುರ್ಚಿ ಫೋಟೋ, ಆಚೆ ಕಡೆ ಕುರ್ಚಿ ಅಂದ್ರೇನು ಅಂತ ಡಿಕ್ಷನರಿ ಅರ್ಥ. ಮೂರು ಕುರ್ಚಿ, ಕೂರೋಕೆ ಒಂದೂ ಇಲ್ಲ! ಕೂರೋ ಅಂಥದ್ದು ಮೂಲೇಲಿ ಒಂದಿರತ್ತೆ, ಅದ್ರಲ್ಲಿ ಗಾರ್ಡ್ ಇರ್ತಾನೆ."

"ಬಾಸ್ಟನ್ ಮ್ಯೂಸಿಯಮ್ಮಿನ ಗಿಲ್ಮನ್ ಅನ್ನೋರು 1916ರಲ್ಲೇ ಮ್ಯೂಸಿಯಂ ಆಯಾಸದ ಮೇಲೆ ಲೇಖನ ಬರೆದಿದ್ರು, ನೋಡೋಕೆ ಬಂದೋನು ಬಗ್ಗಿ ಬಾಗಿ ಪಡೋ ಪಾಡನ್ನ ಫೋಟೋ ಸಮೇತ" ಅಂದ್ರು ಶಾರದಕ್ಕ.

"ನೂರು ವರ್ಷ ಯೋಚಿಸಿ ಕಾಫಿ ಶಾಪ್ ಇಟ್ರು. ಅಲ್ಲಿ ಕುರ್ಚಿ ಧಾರಾಳ, ಬಿಲ್ ಕೊಡೋ ತನಕ."

ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂ ಮಾತು ಬಂದಾಗ ಮಾತ್ರ ಸೀನ ಸ್ವಲ್ಪ ಮೆತ್ತಗಾದ. ಹಳೇ ಪವರ್ ಸ್ಟೇಷನ್, ಟರ್ಬೈನ್ ಇದ್ದ ಹಾಲಲ್ಲಿ 2003ರಲ್ಲಿ ಓಲಾಫುರ್ ಎಲಿಯಾಸನ್ ಅನ್ನೋ ಕಲಾವಿದ ಒಂದು ಸುಳ್ಳು ಸೂರ್ಯನ್ನ ಹುಟ್ಟಿಸಿದ್ದ, ಮೇಲೆ ಪೂರ್ತಿ ಕನ್ನಡಿ. "ಜನ ಏನ್ ಮಾಡಿದ್ರು ಗೊತ್ತಾ? ಸುಮ್ನೆ ನೆಲದ ಮೇಲೆ ಅಂಗಾತ ಮಲಗಿಬಿಟ್ರು, ಯಾರೂ ಹೇಳಿಕೊಡ್ಲಿಲ್ಲ."

"ಮತ್ತಿನ್ನೇನು" ಅಂದ್ರು ಶಾರದಕ್ಕ. "ಕಾಲಲ್ಲಿ ಕಸುವಿದ್ದಾಗ ಎಲ್ಲಾ ಹಾಲೂ ಓಡೋಡಿ ಮುಗಿಸಿದೆ, ಒಂದೂ ಕಾಣ್ಲಿಲ್ಲ. ಈಗ ನೋಡೋ ಕಣ್ಣು ಬಂದಿದೆ, ಕಾಲು ಹೋಯ್ತು."

ಯಾರೂ ಏನೂ ಅನ್ನಲಿಲ್ಲ. ಆಮೇಲೆ ವಿಶು, "ಆಯ್ತು, ನಾನು ಡಿಸೈನ್ ಮಾಡೋ ಸೆಂಟರಲ್ಲಿ ಬೆಂಚು ಹಾಕ್ತೀನಿ ಬಿಡಿ. ಕಾಂಕ್ರೀಟಿಂದು, ಒಂಚೂರು ಮುಂದಕ್ಕೆ ವಾಲಿಸಿ."

"ವಾಲಿಸೋದ್ಯಾಕೋ?"

"ತುಂಬಾ ಹೊತ್ತು ಕೂತ್ರೆ ಬೆಂಚು ಕಾಣಲ್ವಲ್ಲ ಸೀನಣ್ಣ, ಫೋಟೋ ತೆಗೆಯೋರಿಗೆ!"